ನಲವತ್ತೆರಡು ಗ್ರಾಂ ಧ್ವನಿ

ನಮ್ಮ ಸಾರಿಗೆ ಸಂಸ್ಥೆಯ ಉಗ್ರಾಣ ನಿಯಮ ಹದಿನಾಲ್ಕರ ಪ್ರಕಾರ, ಯಾವುದೇ ಪಾತ್ರೆಯನ್ನು ತುಂಬುವ ಮೊದಲು ಒಮ್ಮೆ ಮತ್ತು ತುಂಬಿದ ನಂತರ ಒಮ್ಮೆ ತೂಗತಕ್ಕದ್ದು. ಎರಡು ತೂಕಗಳ ನಡುವಿನ ವ್ಯತ್ಯಾಸವೇ ಒಳಗಿರುವ ವಸ್ತು. ವ್ಯತ್ಯಾಸ ಕಂಡುಬರದಿದ್ದಲ್ಲಿ ಪಾತ್ರೆ ಖಾಲಿ ಎಂದು ತಿಳಿಯತಕ್ಕದ್ದು. ಖಾಲಿ ಪಾತ್ರೆಗಳನ್ನು ಶನಿವಾರದಂದು ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಬೋರಲು ಹಾಕಿ ಒಣಗಿಸತಕ್ಕದ್ದು.

ಈ ನಿಯಮವನ್ನು ಬರೆದದ್ದು ಡೀಸೆಲ್ ಡಬ್ಬ, ಗ್ರೀಸಿನ ಪೀಪಾಯಿಗಳಿಗಾಗಿ. ಅವುಗಳ ವಿಷಯದಲ್ಲಿ ನಿಯಮ ಒಂದು ದಿನವೂ ಸೋತಿಲ್ಲ. ಹಾರ್ಡ್ ಡಿಸ್ಕಿನ ವಿಷಯದಲ್ಲೂ ಸೋಲಲಿಲ್ಲ ಎಂಬುದನ್ನು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ನಾನು ಸಂಸ್ಥೆಯ ಸಭೆಗಳ ನಡವಳಿ ಬರೆಯುವ ಗುಮಾಸ್ತ. ಸಭೆಯಲ್ಲಿ ಆಡಿದ್ದನ್ನು ಬರೆಯುವುದು ನನ್ನ ಕೆಲಸ, ಕಂಡದ್ದನ್ನು ಬರೆಯುವುದಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ನನ್ನ ನಡವಳಿಯ ಒಂದು ಸಾಲನ್ನೂ ಯಾರೂ ಹೊಡೆದುಹಾಕಿಲ್ಲ, ಓದಿದವರೂ ಕಡಿಮೆ ಎನ್ನಿ. ಇದು ನಡವಳಿಯಲ್ಲವಾದ್ದರಿಂದ ಕಂಡದ್ದನ್ನೂ ಸೇರಿಸಿದ್ದೇನೆ.

ಹಾರ್ಡ್ ಡಿಸ್ಕ್ ಕೇಳಿದವಳು ಪ್ರಕಟಣೆ ವಿಭಾಗದ ಗುಮಾಸ್ತೆ. ಬಸ್ ನಿಲ್ದಾಣದ ಮಹಡಿಯ ಮೇಲೆ ಆಕೆಯ ಕೋಣೆ. ಒಂದು ಕಿಟಕಿ, ಒಂದು ಕಂಪ್ಯೂಟರು, ಗೋಡೆಯ ಮೊಳೆಗೆ ನೇತುಹಾಕಿದ ದಪ್ಪ ಹಿತ್ತಾಳೆ ಬಿಲ್ಲೆ. ಬಿಲ್ಲೆಯ ಮೇಲೆ 'ಪ್ರಕಟಣೆ, ೧೭' ಎಂದು ಕೆತ್ತಿದೆ. ಅದು ಆಕೆಯ ತಾಯಿಯದು. ಇಪ್ಪತ್ತೊಂದು ವರ್ಷ ಆ ತಾಯಿ ಅದೇ ಕೋಣೆಯಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆ ಎಂದು ಊರಿಗೆಲ್ಲ ಹೇಳಿದರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಮಗಳಿಗೆ ಆ ಕುರ್ಚಿ ಸಿಕ್ಕಿತು. ಕಚೇರಿಯವರೆಲ್ಲ ಆಕೆಯನ್ನು ಮಗಳು ಎಂದೇ ಕರೆಯುತ್ತಾರೆ. ಕೆಲಸ ಸುಲಭದ್ದು. ತಾಯಿಯ ಧ್ವನಿ ಕಂಪ್ಯೂಟರಿನಲ್ಲಿತ್ತು, ಮಗಳು ಗುಂಡಿ ಒತ್ತಿದರೆ ತಾಯಿ ಬಸ್ಸು ಕೂಗುತ್ತಿದ್ದರು.

ಒಟ್ಟು ನಾಲ್ಕು ಗಂಟೆ ಹನ್ನೆರಡು ನಿಮಿಷದ ಧ್ವನಿ. ಮೊದಲು ಅದು ಟೇಪುಗಳಲ್ಲಿತ್ತು. ಕಂಪ್ಯೂಟರಿಗೆ ಇಳಿಸಿದ ವಾರವೇ ಟೇಪುಗಳನ್ನು ತೂಗಿ, ಖಾಲಿ ಎಂದು ತೀರ್ಮಾನಿಸಿ, ಶನಿವಾರ ತೊಳೆದು ಒಣಗಿಸಲಾಯಿತು. ಹೀಗಾಗಿ ಆ ಧ್ವನಿ ಲೋಕದಲ್ಲಿ ಇದ್ದದ್ದು ಆ ಒಂದು ಕಂಪ್ಯೂಟರಿನಲ್ಲಿ ಮಾತ್ರ. ಅದರಲ್ಲಿ ಇನ್ನೂರ ಹನ್ನೆರಡನೇ ತುಣುಕು ಎಂಬುದೊಂದಿತ್ತು. ಕೆಟ್ಟುಹೋದದ್ದು ಎಂದು ಗುರುತು ಹಾಕಿ ಬಿಟ್ಟದ್ದು, ಹನ್ನೊಂದು ಸೆಕೆಂಡಿನದು, ನಿಲ್ದಾಣದಲ್ಲಿ ಎಂದೂ ಕೇಳಿಸದ್ದು. ತಾಯಿ "ಪ್ರಯಾಣಿಕರ ಗಮನಕ್ಕೆ, ಆರನೇ ಅಂಕಣದಲ್ಲಿ" ಎಂದು ಶುರು ಮಾಡುತ್ತಾರೆ. ಹಿಂದಿನಿಂದ ಒಂದು ಎಳೆಯ ದನಿ "ಅಮ್ಮಾ, ಹೋಗೋಣ" ಎನ್ನುತ್ತದೆ. ಆಗ ತಾಯಿ ಮೈಕು ಮರೆತು ಹೇಳುತ್ತಾರೆ: "ಇರು ಮಗಳೇ, ಇದೊಂದು ಬಸ್ಸು ಕಳಿಸಿ ಬಂದೆ."

ಉಳಿದದ್ದೆಲ್ಲ ಬಸ್ಸಿಗೆ ಹೇಳಿದ್ದು, ಇದೊಂದು ಆಕೆಗೆ ಹೇಳಿದ್ದು.

ಕಂಪ್ಯೂಟರು ಟಕ್ ಟಕ್ ಎನ್ನತೊಡಗಿದ ದಿನ ಮಗಳು ಅರ್ಜಿ ಬರೆದಳು. 'ದಿನನಿತ್ಯದ ಬಳಕೆಗೆ, ಸುಲಭವಾಗಿ ಒಯ್ಯಬಹುದಾದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ತುರ್ತಾಗಿ ಬೇಕಾಗಿದೆ.' ಸ್ವಂತದ್ದೊಂದು ತಂದು ಉಳಿಸಿಕೊಳ್ಳಬಹುದಿತ್ತಲ್ಲ ಎಂದು ಹೊರಗಿನವರಿಗೆ ಅನ್ನಿಸೀತು. ಸಾಧ್ಯವಿಲ್ಲ. ಸಂಸ್ಥೆಯ ಕಂಪ್ಯೂಟರುಗಳ ತೂತುಗಳಿಗೆಲ್ಲ ಅರಗು ಹಾಕಿ ಮೊಹರು ಒತ್ತಿದೆ, ಮೊಬೈಲನ್ನು ಗೇಟಿನಲ್ಲೇ ಕೊಟ್ಟು ಒಳಗೆ ಬರಬೇಕು.

ತುರ್ತು ಎಂಬ ಪದ ಇದ್ದುದರಿಂದ ಎರಡೇ ತಿಂಗಳಲ್ಲಿ ಆಯ್ಕೆ ಸಮಿತಿ ರಚನೆಯಾಯಿತು. ಅಧ್ಯಕ್ಷರು ದೊಡ್ಡ ಸಾಹೇಬರು. ಸದಸ್ಯರು ಉಗ್ರಾಣದ ಮುಖ್ಯಸ್ಥರು. ತೂಗದೆ ಒಂದು ಸ್ಕ್ರೂ ಕೂಡ ಹೊರಗೆ ಬಿಡದ ಅವರಿಗೆ ತಕ್ಕಡಿ ಮಾವ ಎಂಬ ಹೆಸರು ಬಿದ್ದು ಎಷ್ಟೋ ಕಾಲವಾಗಿದೆ. ಮಗಳು ಪುಟ್ಟ ಹುಡುಗಿಯಾಗಿದ್ದಾಗ ಆಕೆಯನ್ನೂ ಒಮ್ಮೆ ಅಕ್ಕಿ ಮೂಟೆಯ ತಕ್ಕಡಿಯಲ್ಲಿ ಕೂರಿಸಿ ತೂಗಿ ಪುಸ್ತಕದಲ್ಲಿ ಬರೆದುಕೊಂಡವರು ಅವರು.

ಮೊದಲ ಎರಡು ಸಭೆಗಳು 'ದಿನನಿತ್ಯ' ಎಂದರೇನು ಎಂಬುದಕ್ಕೆ ಸಂದವು.

"ದಿನನಿತ್ಯ ಅಂದ್ರೆ ಭಾನುವಾರಾನೂ ಸೇರುತ್ತಲ್ರೀ," ಎಂದರು ದೊಡ್ಡ ಸಾಹೇಬರು. "ಭಾನುವಾರ ಬಳಸೋರು ಯಾರು? ನೀವು ಬರ್ತೀರಾ?"

"ನಾನ್ಯಾಕೆ ಬರ್ಲಿ ಸಾರ್," ಎಂದರು ತಕ್ಕಡಿ ಮಾವ.

'ರಜಾದಿನಗಳನ್ನು ಹೊರತುಪಡಿಸಿ ದಿನನಿತ್ಯ' ಎಂದು ತಿದ್ದಲಾಯಿತು. ಅಷ್ಟರಲ್ಲಿ ಕಂಪ್ಯೂಟರಿನ ಟಕ್ ಟಕ್ ಕೆಳಗಿನ ಟಿಕೆಟ್ ಕಿಟಕಿಯವರೆಗೂ ಕೇಳಿಸುತ್ತಿತ್ತು. ಆರಿಸಿದರೆ ಮತ್ತೆ ಏಳಲಿಕ್ಕಿಲ್ಲ ಎಂದು ಮಗಳು ಅದನ್ನು ಆರಿಸುವುದನ್ನೇ ಬಿಟ್ಟಿದ್ದಳು. ತನ್ನ ಫ್ಯಾನನ್ನು ಅದರ ಕಡೆ ತಿರುಗಿಸಿ, ತಾನು ಬೆವರುತ್ತಾ ಕೂತಿರುತ್ತಿದ್ದಳು. ನನಗೆ ಆಕೆಯನ್ನು ನೋಡಿ ಪಾಪ ಅನ್ನಿಸುತ್ತಿತ್ತು. ಪಾಪ ಅನ್ನಿಸಿದ್ದಕ್ಕೆ ನಡವಳಿಯಲ್ಲಿ ಅಂಕಣವಿಲ್ಲ.

ಐದನೇ ತಿಂಗಳು ಅಂಗಡಿಯವನು ಮೂರು ಮಾದರಿಗಳನ್ನು ಹಿಡಿದು ಬಂದ.

"ಎಲ್ಲಾ ಒಂದೊಂದು ಟೆರಾಬೈಟ್ ಸಾರ್."

"ಅಂದ್ರೆ ಎಷ್ಟು ಲೀಟ್ರು?" ಎಂದರು ತಕ್ಕಡಿ ಮಾವ.

"ಲೀಟ್ರಲ್ಲಿ ಬರಲ್ಲ ಸಾರ್. ಒಳಗೆ ಹಿಡಿಯೋ ಲೆಕ್ಕ ಅದು."

"ನಾನೂ ಅದನ್ನೇ ಕೇಳಿದ್ದು. ಒಳಗೆ ಎಷ್ಟು ಹಿಡಿಯುತ್ತೆ?"

ಅಂಗಡಿಯವನು ಕಣ್ಣು ಕಣ್ಣು ಬಿಟ್ಟ. "ನಿಮ್ಮ ಸ್ಟ್ಯಾಂಡಲ್ಲಿ ಇಲ್ಲೀವರೆಗೂ ಕೂಗಿರೋದನ್ನೆಲ್ಲ ಸುರಿದ್ರೂ ತಳದಲ್ಲೇ ಇರುತ್ತೆ ಸಾರ್."

"ತಳ ಇದೆ. ಬರ್ಕೊಳ್ರಿ," ಎಂದು ತಕ್ಕಡಿ ಮಾವ ನನ್ನತ್ತ ತಿರುಗಿದರು. 'ಸದರಿ ವಸ್ತುವಿಗೆ ತಳ ಇರುವುದು ದೃಢಪಟ್ಟಿದೆ' ಎಂದು ಬರೆದೆ.

ಮೊದಲ ಮಾದರಿ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಒಯ್ಯಲು ಎಷ್ಟು ಸುಲಭ ಎಂದು ಪರೀಕ್ಷಿಸಲು ದೊಡ್ಡ ಸಾಹೇಬರು ಅದನ್ನು ಜೇಬಿನಲ್ಲಿಟ್ಟುಕೊಂಡು ಕೋಣೆಯಿಂದ ಗೇಟಿನವರೆಗೆ, ಗೇಟಿನಿಂದ ಕಾರಿನವರೆಗೆ, ಕಾರಿನಿಂದ ಮನೆಯವರೆಗೆ ಒಯ್ದರು. ಪರೀಕ್ಷೆಯಲ್ಲಿ ಅದು ಪೂರ್ಣ ಅಂಕ ಗಳಿಸಿತು. ಆದರೆ ಆಯ್ಕೆಗೆ ಲಭ್ಯವಿರಲಿಲ್ಲ. ಸಾಹೇಬರ ಅಳಿಯ ಅದರಲ್ಲಿ ಸಿನಿಮಾಗಳನ್ನು ತುಂಬಿ ಪರೀಕ್ಷೆಯನ್ನು ಇಂದಿಗೂ ಮುಂದುವರಿಸಿದ್ದಾರೆ.

ಎರಡನೆಯದನ್ನು ಅಂಗಡಿಯವನೇ ಕೆಡಿಸಿಕೊಂಡ. "ಇದು ಬಹಳ ಸ್ಪೀಡು ಸಾರ್, ಇದರಷ್ಟು ಸ್ಪೀಡು ಯಾವುದೂ ಇಲ್ಲ" ಎಂದು ಹೆಮ್ಮೆಯಿಂದ ಹೇಳಿದ. ಸಂಸ್ಥೆಯ ಯಾವ ವಸ್ತುವೂ ಗಂಟೆಗೆ ಅರವತ್ತು ಕಿಲೋಮೀಟರಿಗಿಂತ ವೇಗವಾಗಿ ಓಡಕೂಡದು ಎಂಬ ಸುತ್ತೋಲೆ ಇದೆ. ವೇಗ ತಡೆಯುವ ಯಂತ್ರವನ್ನು ಇದಕ್ಕೆ ಕೂರಿಸಬಹುದೇ ಎಂದು ವರ್ಕ್‌ಶಾಪಿಗೆ ಬರೆದು ಕೇಳಲಾಯಿತು. ಜಾಗ ಸಾಲದು ಎಂದು ಉತ್ತರ ಬಂತು. ಮಾದರಿಯನ್ನು ತಿರಸ್ಕರಿಸಲಾಯಿತು.

ಮೂರನೆಯದು ದಪ್ಪನೆಯದು, ಕರಿಯದು, ಮೈಗೆ ರಬ್ಬರಿನ ಅಂಗಿ ತೊಟ್ಟದ್ದು. ಸಮಿತಿ ಅದನ್ನು ಬಸ್ಸಿನ ಮೆಟ್ಟಿಲಿನಿಂದ ಮೂರು ಸಲ ಕೆಡವಿತು. ಮೂರು ಸಲವೂ ಪುಟಿದೆದ್ದಿತು. "ನಮ್ಮ ಟೈರಿನ ಜಾತಿ ಇದು" ಎಂದು ದೊಡ್ಡ ಸಾಹೇಬರು ಮೆಚ್ಚಿದರು. ಅಂಗಿ ಸಮೇತ ಅದರ ತೂಕ ಇನ್ನೂರ ಮೂವತ್ತು ಗ್ರಾಂ. ಅರ್ಜಿ ಕೊಟ್ಟ ಏಳನೇ ತಿಂಗಳು, ಒಂದು ಗುರುವಾರ ಮಧ್ಯಾಹ್ನ, ಸಮಿತಿಯ ಸಮ್ಮುಖದಲ್ಲಿ ಅರಗಿನ ಮೊಹರು ಒಡೆದು ಹಾರ್ಡ್ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸಲಾಯಿತು.

ನಾಲ್ಕು ಗಂಟೆ ಹನ್ನೆರಡು ನಿಮಿಷದ ಧ್ವನಿ ಮೂರೇ ನಿಮಿಷದಲ್ಲಿ ಇಳಿಯಿತು. ಮಗಳು ಏಳು ತಿಂಗಳಿಂದ ಹಿಡಿದಿದ್ದ ಉಸಿರು ಬಿಟ್ಟಳು.

"ಈಗ ಇಲ್ಲಿರೋದನ್ನ ಅಳಿಸಮ್ಮ," ಎಂದರು ದೊಡ್ಡ ಸಾಹೇಬರು.

"ಯಾಕೆ ಸಾರ್? ಎರಡು ಕಡೆ ಇದ್ರೆ ಒಳ್ಳೇದಲ್ವಾ?"

"ಒಂದು ಟೈರು ಎರಡು ಬಸ್ಸಲ್ಲಿ ಇರುತ್ತೇನಮ್ಮ? ಇದ್ರೆ ಒಂದು ಕಡೆ ಕಳ್ಳ ಲೆಕ್ಕ ಅಂತ ಅರ್ಥ. ಅಳಿಸು."

ಅಳಿಸಿದಳು. ಟಕ್ ಟಕ್ ಎನ್ನುತ್ತಿದ್ದ ಕಂಪ್ಯೂಟರು ಒಳಗಿದ್ದ ಭಾರ ಇಳಿದಂತೆ ಆ ಸಂಜೆಯೇ ಸುಮ್ಮನಾಗಿ, ಮತ್ತೆಂದೂ ಏಳಲಿಲ್ಲ.

ತಕ್ಕಡಿ ಮಾವ ಹಾರ್ಡ್ ಡಿಸ್ಕನ್ನು ತಮ್ಮ ಸಣ್ಣ ತಕ್ಕಡಿಯ ಮೇಲಿಟ್ಟರು. ಇನ್ನೂರ ಮೂವತ್ತು ಗ್ರಾಂ. ತೆಗೆದು, ತಕ್ಕಡಿ ಒರೆಸಿ, ಮತ್ತೆ ಇಟ್ಟರು. ಇನ್ನೂರ ಮೂವತ್ತು ಗ್ರಾಂ. ಸಮಿತಿಯವರ ಮುಖಗಳು ಇಳಿದವು.

"ಖಾಲಿ," ಎಂದರು ತಕ್ಕಡಿ ಮಾವ.

"ಖಾಲಿ ಅಲ್ಲ ಮಾವ, ಅಮ್ಮ ಅದರೊಳಗಿದ್ದಾಳೆ!" ಎಂದಳು ಮಗಳು.

"ನಿಮ್ಮಮ್ಮನ ಧ್ವನಿ ನಾನು ಕೇಳಿಲ್ವಾ? ಗಟ್ಟಿ ಧ್ವನಿ ಅದು. ಅಷ್ಟು ಧ್ವನಿ ಒಳಗಿದ್ರೆ ಮುಳ್ಳು ಒಂದು ಗೆರೆ ಆದ್ರೂ ಅಲ್ಲಾಡ್ಬೇಕಲ್ಲಮ್ಮ? ದಾರೀಲಿ ಎಲ್ಲೋ ಸೋರಿದೆ."

ಸೋರಿಕೆಯ ಬಗ್ಗೆ ವಿಚಾರಣೆ ನಡೆಸುವುದೆಂದೂ, ಖಾಲಿ ಪಾತ್ರೆಯನ್ನು ನಿಯಮದಂತೆ ನಾಡಿದ್ದು ಶನಿವಾರ ತೊಳೆಯುವುದೆಂದೂ ಸಭೆ ತೀರ್ಮಾನಿಸಿತು. ನಾನು ಬರೆದುಕೊಂಡೆ. ಶನಿವಾರದ ಪಟ್ಟಿಯಲ್ಲಿ ಹದಿನೆಂಟು ಡೀಸೆಲ್ ಡಬ್ಬ, ನಾಲ್ಕು ಗ್ರೀಸ್ ಪೀಪಾಯಿ, ಒಂದು ಹಾರ್ಡ್ ಡಿಸ್ಕ್.

ಮಗಳು ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ತಕ್ಕಡಿಯನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಸಮಾಧಾನದ ದನಿಯಲ್ಲಿ ಕೇಳಿದಳು.

"ಮಾವ, ಗ್ರೀಸು ಪೀಪಾಯಿಗೆ ಹಾಕಿದ ತಕ್ಷಣ ತೂಗ್ತೀರಾ?"

"ಇಲ್ಲಮ್ಮ. ಒಂದು ರಾತ್ರಿ ಬಿಡ್ತೀವಿ. ಗಾಳಿ ಹೋಗಿ ತಳಕ್ಕೆ ಕೂತ್ಕೋಬೇಕು."

"ಧ್ವನಿ ಗ್ರೀಸಿಗಿಂತ ಹಗುರ. ತಳಕ್ಕೆ ಕೂರೋಕೆ ಅದಕ್ಕೂ ಒಂದು ರಾತ್ರಿ ಬೇಡ್ವಾ? ಈ ರಾತ್ರಿ ನನ್ನ ಮೇಜಿನ ಮೇಲೇ ಇರಲಿ, ನಾಳೆ ಬೆಳಗ್ಗೆ ತೂಗಿ."

ತಕ್ಕಡಿ ಮಾವ ಯೋಚಿಸಿದರು. ಮೂವತ್ತು ವರ್ಷದ ಅನುಭವದಲ್ಲಿ ಈ ಮಾತಿಗೆ ಎದುರಾಡುವಂಥದ್ದೇನೂ ಅವರಿಗೆ ಸಿಗಲಿಲ್ಲ. "ಹುಡುಗಿ ಕೆಲಸ ಕಲ್ತಿದ್ದಾಳೆ ಸಾರ್," ಎಂದರು. ದೊಡ್ಡ ಸಾಹೇಬರೂ ತಲೆದೂಗಿದರು.

ಶುಕ್ರವಾರ ಬೆಳಗ್ಗೆ ಸಮಿತಿ ಮತ್ತೆ ಮಹಡಿ ಹತ್ತಿತು. ಮಗಳು ಎರಡೂ ಕೈಯಲ್ಲಿ ಹಾರ್ಡ್ ಡಿಸ್ಕ್ ಹಿಡಿದು ಕೊಟ್ಟಳು. ತಕ್ಕಡಿ ಮಾವ ಅದನ್ನು ತೆಗೆದುಕೊಂಡು, ರಬ್ಬರಿನ ಅಂಗಿಯ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದರು. ಅಲ್ಲಿ ತುಸು ಉಬ್ಬಿತ್ತು. ಹೆಬ್ಬೆರಳು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ತಕ್ಕಡಿಯ ಮೇಲಿಟ್ಟರು.

"ಇನ್ನೂರ ಎಪ್ಪತ್ತೆರಡು," ಎಂದರು ಗಟ್ಟಿಯಾಗಿ. "ಧ್ವನಿ ನಲವತ್ತೆರಡು ಗ್ರಾಂ. ಇದೆ ಸಾರ್. ಕೂತಿದೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಬರೆದುಕೊಳ್ಳಲು ತಲೆ ಬಗ್ಗಿಸುವ ಮೊದಲು ಗೋಡೆಯ ಕಡೆ ನೋಡಿದೆ. ಮೊಳೆಯಲ್ಲಿ ಬಿಲ್ಲೆ ಇರಲಿಲ್ಲ. ಅದು ಕಾರ್ಯಸೂಚಿಯಲ್ಲಿದ್ದ ವಿಷಯವಲ್ಲವಾದ್ದರಿಂದ ನಡವಳಿಯಲ್ಲಿ ಸೇರಿಸಲಿಲ್ಲ.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಧ್ವನಿಗೆ ತೂಕ ಇದೆ ಎಂದು ಗೊತ್ತಾದ ಮೇಲೆ ಸಂಸ್ಥೆಯ ಜವಾಬ್ದಾರಿ ಹೆಚ್ಚಾಯಿತು. ದೊಡ್ಡ ಸಾಹೇಬರು ವಿಶೇಷ ಸಭೆ ಕರೆದರು.

"ನಲವತ್ತೆರಡು ಗ್ರಾಂ ಇದೆ ನಮ್ಮ ಹತ್ರ. ದಿನಾ ನಿಲ್ದಾಣದಲ್ಲಿ ಕೂಗಿಸಿದ್ರೆ ಎಷ್ಟು ದಿನ ಬರುತ್ತೆ?"

"ಗಂಟೆಗೆ ಹತ್ತು ಗ್ರಾಂ ಖರ್ಚು ಸಾರ್," ಎಂದರು ತಕ್ಕಡಿ ಮಾವ. "ಒಂದೇ ಹೊತ್ತಿಗೆ ಮುಗಿಯುತ್ತೆ."

"ಆಮೇಲೆ ತುಂಬೋಕೆ ಆ ತಾಯಿ ಇಲ್ವಲ್ಲ."

ಆ ಮಾತಿಗೆ ಸಭೆ ಒಂದು ನಿಮಿಷ ಮೌನ ಆಚರಿಸಿತು. ನಂತರ ಹಾರ್ಡ್ ಡಿಸ್ಕನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಲಾಯಿತು. ನಿಲ್ದಾಣದಲ್ಲಿ ಫಲಕ ತೂಗಿತು: 'ಸಂಸ್ಥೆಯ ಧ್ವನಿ ಸುರಕ್ಷಿತವಾಗಿದೆ. ತಮ್ಮ ಬಸ್ಸು ಯಾವುದೆಂದು ಪಕ್ಕದವರನ್ನು ವಿಚಾರಿಸಿಕೊಳ್ಳತಕ್ಕದ್ದು.' ಮೊದಲ ವಾರ ಕೆಲವರು ಬೇರೆ ಊರುಗಳಿಗೆ ಹೋಗಿ ಇಳಿದರು. ಎರಡನೇ ವಾರದಿಂದ ಜನ ವಿಚಾರಿಸಿಕೊಳ್ಳುವುದನ್ನು ಕಲಿತರು. ಈಗ ಯಾರೂ ದೂರುವುದಿಲ್ಲ. ಹಾಗೆ ವಿಚಾರಿಸಿಕೊಳ್ಳುತ್ತಾ ಎರಡು ಮದುವೆಗಳೂ ಕುದುರಿವೆ ಎಂದು ವಾರ್ಷಿಕ ವರದಿಯಲ್ಲಿ ಹೇಳಿದೆ.

ದಿನನಿತ್ಯದ ಬಳಕೆಗೆಂದು ಕೊಂಡ ವಸ್ತುವನ್ನು ಬಳಸದೆ ಇಡಬಹುದೇ ಎಂಬ ಆಕ್ಷೇಪಣೆ ಮೇಲಿನಿಂದ ಬಂತು. ತಕ್ಕಡಿ ಮಾವ ಅದಕ್ಕೂ ಪರಿಹಾರ ಕಂಡುಕೊಂಡರು. ರಜಾದಿನಗಳನ್ನು ಹೊರತುಪಡಿಸಿ ಪ್ರತಿದಿನ ಹತ್ತು ಗಂಟೆಗೆ ಅದನ್ನು ಹೊರತೆಗೆದು, ಒಯ್ದು, ತೂಗಿ, ಒಳಗಿಡುತ್ತಾರೆ. ಒಯ್ದದ್ದೂ ಆಯಿತು, ದಿನನಿತ್ಯವೂ ಆಯಿತು. ರಬ್ಬರಿನ ಅಂಗಿಯನ್ನು ಮಾತ್ರ ಅವರು ಎಂದೂ ಬಿಚ್ಚುವುದಿಲ್ಲ. ಬೇರೆಯವರು ಬಿಚ್ಚಲು ಹೋದರೆ "ಶೀತ ಆಗುತ್ತೆ, ಬಿಡಿ" ಎಂದು ಗದರುತ್ತಾರೆ.

ಮಗಳಿಗೆ ಈಗ ಕೆಲಸವಿರಲಿಲ್ಲ, ಸಂಬಳವಿತ್ತು. ಅದಕ್ಕೆ ಕಚೇರಿಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ, ಅಂಥವರು ನಮ್ಮಲ್ಲಿ ಹಲವರಿದ್ದಾರೆ. ಆಕೆಯೇ ಇನ್ನೊಂದು ಅರ್ಜಿ ಬರೆದಳು. ಇನ್ನೂರ ಹನ್ನೆರಡನೇ ತುಣುಕನ್ನು ಒಂದು ಸಲ ಕೇಳಲು ಅನುಮತಿ ಬೇಕು ಎಂದು. ಉಳಿಸುವ ಆತುರದಲ್ಲಿ ಕೊನೆಯ ಸಲ ಕೇಳಿಕೊಳ್ಳುವುದನ್ನೇ ಮರೆತಿದ್ದಳಂತೆ. ಸಮಿತಿ ಒಂದು ವರ್ಷ ಚರ್ಚಿಸಿತು. ಕೇಳಿದರೆ ತೂಕ ಇಳಿಯುವುದು ಖಂಡಿತ, ಆದರೆ ಕೇಳುವವಳು ಹೆತ್ತ ಮಗಳು. ಕಡೆಗೆ, ವರ್ಷಕ್ಕೆ ಒಂದು ಗ್ರಾಂ ಮೀರದಂತೆ ಕೇಳಬಹುದು ಎಂದು ಆದೇಶವಾಯಿತು. ಒಂದು ಗ್ರಾಂ ಎಂದರೆ ಆರು ನಿಮಿಷ.

ನನ್ನ ಕೋಣೆಯ ಕಂಪ್ಯೂಟರಿನಲ್ಲೇ, ನನ್ನ ಸಾಕ್ಷಿಯಲ್ಲೇ ಆಕೆ ಕೇಳಿದಳು. ಹನ್ನೊಂದು ಸೆಕೆಂಡಿನದನ್ನು ಮೂವತ್ತೆರಡು ಸಲ. "ಇರು ಮಗಳೇ, ಇದೊಂದು ಬಸ್ಸು ಕಳಿಸಿ ಬಂದೆ." ಉಳಿದ ಎಂಟು ಸೆಕೆಂಡಿನಲ್ಲಿ ಮುಖ ಒರೆಸಿಕೊಂಡಳು. ಸಾಕ್ಷಿಯಾಗಿದ್ದ ನಾನೂ ಒರೆಸಿಕೊಂಡೆ. ಬಾಗಿಲ ಹೊರಗೆ ತಕ್ಕಡಿ ಮಾವ ತಕ್ಕಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ತೂಗಿದರು. ಇನ್ನೂರ ಎಪ್ಪತ್ತೆರಡು. ಒಂದು ಗ್ರಾಂ ಕೂಡ ಇಳಿದಿರಲಿಲ್ಲ.

ಇದು ಬಹಳ ಅಪಾಯದ ತೂಕ. ಆಕೆ ಕೇಳಿಲ್ಲ ಎಂದಾದರೆ ಮಂಜೂರಾದ ಗ್ರಾಂ ದುರುಪಯೋಗ. ಕೇಳಿದ್ದಾಳೆ ಎಂದಾದರೆ ಧ್ವನಿಗೆ ತೂಕವೇ ಇಲ್ಲ, ಹಾಗಿದ್ದರೆ ಪಾತ್ರೆ ಖಾಲಿ. ಮಾರನೆಯ ದಿನ ಶನಿವಾರ ಬೇರೆ. ದೊಡ್ಡ ಸಾಹೇಬರು ಹುಬ್ಬು ಗಂಟಿಕ್ಕಿದರು.

"ಕೂರೋಕೆ ಒಂದು ರಾತ್ರಿ ಬೇಕಾಯ್ತಲ್ಲ ಸಾರ್," ಎಂದಳು ಮಗಳು, "ಏಳೋಕೂ ಬೇಕಲ್ವಾ?"

"ನ್ಯಾಯವಾದ ಮಾತು," ಎಂದರು ತಕ್ಕಡಿ ಮಾವ ತಕ್ಷಣ, ಸಾಹೇಬರು ಬಾಯಿ ತೆರೆಯುವ ಮೊದಲೇ. "ಈ ರಾತ್ರಿ ಅವಳ ಮೇಜಿನ ಮೇಲಿರಲಿ."

ಆ ಸಂಜೆ ನಾನು ವರ್ಕ್‌ಶಾಪಿಗೆ ಚೀಟಿ ಬರೆದು ಕಬ್ಬಿಣ ಉಜ್ಜುವ ಸಣ್ಣ ಅರವೊಂದನ್ನು ತರಿಸಿದೆ. ಉದ್ದೇಶ ಎಂಬಲ್ಲಿ 'ಉಗುರು' ಎಂದು ಬರೆದೆ. ನನ್ನ ಸೇವಾವಧಿಯಲ್ಲಿ ನಾನು ಬರೆದ ಏಕೈಕ ಸುಳ್ಳು ಅದು. ಅದನ್ನು ಮಗಳ ಮೇಜಿನ ಮೇಲಿಟ್ಟು ಬಂದೆ. ಬೆಳಗ್ಗೆ ತೂಕ ಇನ್ನೂರ ಎಪ್ಪತ್ತೊಂದು. ಆಕೆಯ ಬೆರಳ ತುದಿಯಲ್ಲಿ ಹಿತ್ತಾಳೆಯ ಹಳದಿ ಪುಡಿ ಅಂಟಿಕೊಂಡಿತ್ತು. ಪೆಟ್ಟಿಗೆಗೆ ಬೀಗ ಬಿತ್ತು.

ಈಗ ಇದು ನಮ್ಮಲ್ಲಿ ರೂಢಿಯಾಗಿದೆ. ಮೊದಲ ವರ್ಷ ಬಿಲ್ಲೆಯ ಹಿಂದಿನ ಪಿನ್ನು ಹೋಯಿತು. ಎರಡನೇ ವರ್ಷ ಅಂಚು ಸವೆಯಿತು. ಈ ವರ್ಷ 'ಏಳು' ಎಂಬ ಅಂಕಿ ಹೋಗಲಿದೆ, ಬರುವ ವರ್ಷ 'ಒಂದು'. 'ಪ್ರಕಟಣೆ' ಎಂಬ ಪದವನ್ನು ಕೊನೆಗೆ ಉಳಿಸಿಕೊಳ್ಳುತ್ತೇನೆ ಎಂದು ಮಗಳು ಹೇಳಿದ್ದಾಳೆ. ಆಕೆಯ ನಿವೃತ್ತಿಗೆ ಇನ್ನು ಇಪ್ಪತ್ನಾಲ್ಕು ವರ್ಷ, ಇರುವ ಧ್ವನಿ ನಲವತ್ತು ಗ್ರಾಂ. ಕೇಳಿ ಮುಗಿಸಿದ ಮೇಲೂ ಹದಿನಾರು ಗ್ರಾಂ ಸಂಸ್ಥೆಗೆ ಉಳಿಯುತ್ತದೆ ಎಂದು ದೊಡ್ಡ ಸಾಹೇಬರು ಸಂತೋಷ ವ್ಯಕ್ತಪಡಿಸಿದ್ದಾರೆ. ಮಗಳೂ ವಂದನೆ ಸಲ್ಲಿಸಿದ್ದಾಳೆ.

ಈ ವರ್ಷದ ಒಂದು ಗ್ರಾಂ ನಿನ್ನೆ ಮಂಜೂರಾಯಿತು. ಅರ ನನ್ನ ಮೇಜಿನ ಎರಡನೇ ಖಾನೆಯಲ್ಲಿದೆ.